ಉತ್ತರಕ್ಕಾಗಿ ಕಾದು ಕೂರಬೇಡಿ

ಪುಷ್ಯಮಾಸದ ಮಂಜು ಕಿಟಕಿಯ ಗಾಜಿಗೆ ಕವಿದು, ಎದುರಿನ ಬೇವಿನ ಮರವೂ ಕಾಣದಂತಾದ ದೆಹಲಿಯ ಮುಂಜಾವಿನಲ್ಲಿ, ಊರು ಬಿಟ್ಟು ಬಂದು ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಒಂಟಿಯಾಗಿ ನೆಲೆಸಿರುವ ನಿಮಗೆ 'ಇದೆಲ್ಲ ಏತಕ್ಕೆ?' ಎಂಬ ಪ್ರಶ್ನೆ ಮೂಡಿದರೆ, ಅದು ಅಪರಾಧವಲ್ಲ, ದೌರ್ಬಲ್ಯವೂ ಅಲ್ಲ, ಡಿ.ವಿ.ಜಿ.ಯವರೂ 1943ರಲ್ಲಿ ಪ್ರಕಟವಾದ 'ಮಂಕುತಿಮ್ಮನ ಕಗ್ಗ'ದಲ್ಲಿ ಆ ಪ್ರಶ್ನೆಯನ್ನು ನಿಸ್ಸಂಕೋಚವಾಗಿ ಎತ್ತಿದವರೇ. ಉತ್ತರ ದೊರೆತ ಮೇಲೆಯೇ ಬಾಗಿಲು ತೆರೆಯುವೆನೆಂದು ಕೂರುವುದು ಮಾತ್ರ ತಪ್ಪು. ಅರ್ಥವೆಂಬುದು ಏಕಾಂತದ ತರ್ಕಕ್ಕಿಂತಲೂ ಇನ್ನೊಬ್ಬರಿಗೆ ಒದಗುವ ಕೈಗಳಿಗೇ ಬೇಗ ಸಿಕ್ಕುವುದೆಂಬುದು ನನ್ನ ದೃಢವಾದ ನಂಬಿಕೆ.

ಆದ್ದರಿಂದ ಮೊದಲು ಸ್ನಾನ ಮುಗಿಸಿ, ಡಿಕಾಕ್ಷನ್ ಇಳಿಸಿ, ನೊರೆಯೆದ್ದ ಕಾಫಿಯ ಒಂದು ಲೋಟವನ್ನು ನೆರೆಮನೆಯ ಅಜ್ಜಿಗೆ ಒಯ್ದು ಕೊಡಿ. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮವಿದ್ದ ದಿನ ತುಸು ಮುಂಚೆಯೇ ಹೋಗಿ, ಕುರ್ಚಿ ಜೋಡಿಸಲು ಕೈಹಚ್ಚಿ. ಮನಸ್ಸಿಗೆ ಮಂಜು ಕವಿದ ಇಂಥ ದಿನಗಳಲ್ಲಿ ಕೆಲಸ ಬಿಡುವ, ಸಂಬಂಧ ಕಡಿದುಕೊಳ್ಳುವ ನಿರ್ಧಾರಗಳು ಬೇಡ.

ಎರಡು ವಾರ ಕಳೆದರೂ ನಿದ್ರೆ, ಹಸಿವು ಮರಳದಿದ್ದರೆ ವೈದ್ಯರನ್ನು ಕಾಣಿರಿ. ಬದುಕೇ ಬೇಡವೆನಿಸಿದರಂತೂ ಆ ಕ್ಷಣವೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು.