ನೀಲಿ ಮಾತ್ರೆ ಮತ್ತು ಮಲ್ಲಿಗೆ ತೋಟ

ಮಾಗಳದ ಸುತ್ತಿನ ಶಾಲೆಗಳಲ್ಲಿ ಮಕ್ಕಳ ಆರೋಗ್ಯದ ಹೊಣೆ ಹೊತ್ತಿರುವ ತಮ್ಮಂದಿರೇ, ತಂಗಿಯರೇ, ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ ಬಂದ ಮೇಲೆ ಶಾಲೆಗೆ ಇಬ್ಬರು ಶಿಕ್ಷಕರಂತೆ ನಿಮ್ಮನ್ನು ಆರೋಗ್ಯ ರಾಯಭಾರಿಗಳೆಂದು ಕರೆದರು. ಹೆಸರು ದೊಡ್ಡದು, ತರಬೇತಿಯಲ್ಲಿ ಮಾತ್ರ ಉಪನ್ಯಾಸವೇ ಹೆಚ್ಚು. ನನ್ನ ಮಾತು ಕೇಳಿ: ಮುಂದಿನ ಸಲ ಒಂದು ಮಗುವಿನ ಪ್ರಕರಣ ಮುಂದಿಟ್ಟುಕೊಂಡು ಕೂಡಿ. ಆಶಾ ಕಾರ್ಯಕರ್ತೆ, ನರ್ಸಮ್ಮ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ವೈದ್ಯರು, ಬಿಸಿಯೂಟದ ಅಡುಗೆಯವರು ಎಲ್ಲರನ್ನೂ ಕರೆಯಿರಿ.

ಕಲ್ಪಿಸಿದ ಪ್ರಕರಣವೊಂದನ್ನು ಹೇಳುತ್ತೇನೆ. ಏಳನೇ ತರಗತಿಯ ಹುಡುಗಿ ಎರಡನೇ ಪೀರಿಯಡ್ಡಿಗೇ ತೂಕಡಿಸುತ್ತಾಳೆ. ಶಿಕ್ಷಕರಿಗೆ ಅವಳು ಸೋಮಾರಿ. ನರ್ಸಮ್ಮನ ಲೆಕ್ಕದಲ್ಲಿ ವಾರಕ್ಕೊಂದು ನೀಲಿ ಮಾತ್ರೆ, 60 ಮಿಲಿಗ್ರಾಂ ಕಬ್ಬಿಣಾಂಶದ್ದು, ತಪ್ಪದೇ ಹೋಗಿದೆ, ರಿಜಿಸ್ಟರಿನಲ್ಲಿ ಗುರುತೂ ಇದೆ. ಆಶಾ ಬಾಯಿ ತೆರೆದಾಗಲೇ ಗೊತ್ತಾಗುವುದು: ಹುಡುಗಿ ನಸುಕಿನಲ್ಲೇ ಅವ್ವನ ಜೊತೆ ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುತ್ತಾಳೆ, ಏನೂ ತಿನ್ನದೆ ಶಾಲೆಗೆ ಓಡಿಬರುತ್ತಾಳೆ. ಮಾತ್ರೆ ಕೊಡುವುದು ಪ್ರಾರ್ಥನೆ ಮುಗಿದ ಕೂಡಲೇ. ಖಾಲಿ ಹೊಟ್ಟೆಗೆ ಅದು ವಾಕರಿಕೆ ತರುತ್ತದೆ. ಅವಳು ನುಂಗಿದಂತೆ ಮಾಡಿ ಉಗುಳುತ್ತಾಳೆ. ಉಗುಳಿದ್ದನ್ನು ಅಡುಗೆಯವರು ಕಂಡಿದ್ದಾರೆ. ಅವರನ್ನು ಯಾರೂ ಕೇಳಿಲ್ಲ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ವಾರದ ಮಾತ್ರೆಯೊಂದೇ ಸಾಲದು, ನಿತ್ಯದ ಚಿಕಿತ್ಸೆ ಬೇಕು ಎಂದು ವೈದ್ಯರು ಸೇರಿಸುತ್ತಾರೆ.

ಒಬ್ಬೊಬ್ಬರಿಗೂ ಒಂದೊಂದು ತುಣುಕು ಗೊತ್ತಿತ್ತು, ಹುಡುಗಿ ಮಾತ್ರ ಯಾರ ಕಣ್ಣಿಗೂ ಇಡಿಯಾಗಿ ಬಿದ್ದಿರಲಿಲ್ಲ. ಆದ್ದರಿಂದ ಮೊದಲ ಮಾತು ವೈದ್ಯರದ್ದಾಗದಿರಲಿ. ಅವರು ಮೊದಲು ಮಾತಾಡಿದರೆ ಅಡುಗೆಯವರು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ಇದು ನಮ್ಮೂರುಗಳ ರೂಢಿ, ಮುರಿಯಲೇಬೇಕಾದ ರೂಢಿ. ನೀವೂ ರೋಗದ ಹೆಸರು ಹೇಳಹೋಗಬೇಡಿ. ಎಷ್ಟು ದಿನದಿಂದ, ಯಾವ ಹೊತ್ತಿಗೆ, ಊಟವಾದ ಮೇಲೆ ಹೇಗಿರುತ್ತಾಳೆ ಎಂಬುದನ್ನು ನಿಮ್ಮಷ್ಟು ಬಲ್ಲವರಿಲ್ಲ, ಅದನ್ನು ಹೇಳಿ. ಅವ್ವನನ್ನು ದೂರುವ ಮಾತು ಬಂದರೆ ಅಲ್ಲೇ ತಡೆಯಿರಿ. ಆ ಮೊಗ್ಗಿನ ದುಡ್ಡಿನಿಂದಲೇ ಮನೆ ನಡೆಯುತ್ತಿರಬಹುದು.

ನಿಜ ಪ್ರಕರಣ ತಂದರೆ ಹೆಸರು ತೆಗೆದರಷ್ಟೇ ಸಾಲದು. ಮಾಗಳದಂಥ ಊರಲ್ಲಿ ಓಣಿ ಹೇಳಿದರೆ ಮನೆ ಗೊತ್ತಾಗುತ್ತದೆ; ತರಗತಿ, ಓಣಿ, ಅಪ್ಪನ ಕಸುಬು ಎಲ್ಲವನ್ನೂ ಬದಲಿಸಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಅದು ಚರ್ಚೆಯ ವಸ್ತುವೇ ಅಲ್ಲ. 2012ರ ಪೋಕ್ಸೋ ಕಾಯ್ದೆಯಂತೆ ಕೂಡಲೇ ಪೊಲೀಸರಿಗೆ ತಿಳಿಸಬೇಕು.

ಸಭೆಯಿಂದ ಏಳುವ ಮುಂಚೆ ಯಾರು ಏನು ಮಾಡುವುದೆಂದು ಬರೆದುಕೊಳ್ಳಿ: ಮಾತ್ರೆ ಬಿಸಿಯೂಟದ ನಂತರ, ಮನೆಗೆ ಹೋಗುವುದು ಆಶಾ, ರಕ್ತಪರೀಕ್ಷೆ ವೈದ್ಯರ ತಂಡದ್ದು. ತಿಂಗಳು ಬಿಟ್ಟು ಅದೇ ಪ್ರಕರಣವನ್ನು ಮತ್ತೆ ತೆಗೆಯಿರಿ, ಹೊಸದಕ್ಕೆ ಕೈ ಹಾಕುವ ಮೊದಲು.