ಹೆದರಿಕೆಗೊಂದು ಹೆಸರು

ಜಾರ್ಜ್ ರೊಮೆರೊ 1968ರಲ್ಲಿ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೆಗೆದಾಗ ಅದಕ್ಕೆಂದೇ ಸಂಗೀತ ಮಾಡಿಸುವಷ್ಟು ಹಣ ಕೈಯಲ್ಲಿರಲಿಲ್ಲ. ಕ್ಯಾಪಿಟಲ್ ಕಂಪನಿಯ ‘ಹೈ-ಕ್ಯೂ’ ಎಂಬ ಸಂಗೀತ ಲೈಬ್ರರಿಯಲ್ಲಿ ಮೊದಲೇ ರೆಕಾರ್ಡ್ ಆಗಿದ್ದ ತುಣುಕುಗಳನ್ನು ಆರಿಸಿ ಜೋಡಿಸಲಾಯಿತು. ಹತ್ತು ವರ್ಷದ ನಂತರ ಬಂದ ‘ಡಾನ್ ಆಫ್ ದಿ ಡೆಡ್’ನಲ್ಲೂ ಇಟಲಿಯ ಗಾಬ್ಲಿನ್ ತಂಡದ ಸಂಗೀತದ ಜೊತೆಗೆ ಲಂಡನ್ನಿನ ಡಿ ವುಲ್ಫ್ ಲೈಬ್ರರಿಯ ಟ್ರ್ಯಾಕ್‌ಗಳು ಧಾರಾಳವಾಗಿ ಸೇರಿಕೊಂಡವು. ಅವುಗಳಲ್ಲೊಂದು ಹರ್ಬರ್ಟ್ ಚಾಪೆಲ್ ಅವರ ‘ದಿ ಗಾಂಕ್’. ಈ ಸಿನಿಮಾದ ಕಲ್ಪನೆಯೇ ಇಲ್ಲದ ಕಾಲದಲ್ಲಿ ಬರೆದ ಆ ಪುಟ್ಟ ತುಣುಕು, ಕೋಳಿಗಳ ಕೂಗಿನ ರೂಪ ತಾಳಿ ‘ರೋಬೋಟ್ ಚಿಕನ್’ ಟಿವಿ ಸರಣಿಯ ಕೊನೆಯಲ್ಲೂ ಕೇಳಿಬಂತು. ಗಿರಾಕಿ ಯಾರೆಂದು ಗೊತ್ತಿಲ್ಲದೆ ಮಾಡಿಟ್ಟ ಸಂಗೀತ ವರ್ಷಗಟ್ಟಲೆ ಹೊಸ ಹೊಸ ಗಿರಾಕಿಗಳನ್ನು ಕಾಣಬಹುದು ಎಂಬ ನಂಬಿಕೆಯ ಮೇಲೆಯೇ ಪ್ರೊಡಕ್ಷನ್ ಮ್ಯೂಸಿಕ್ ಎಂಬ ವ್ಯಾಪಾರ ನಿಂತಿದೆ. ನನ್ನ ಆದಾಯದ ಒಂದು ಪಾಲು ಬರುವುದೂ ಇದೇ ವ್ಯಾಪಾರದಿಂದ. ಅದರಲ್ಲೂ ಹಾರರ್ ಟ್ರ್ಯಾಕ್‌ಗಳ ವಿಷಯದಲ್ಲಿ ನನ್ನ ಅನುಭವ ನನಗೆ ಒಂದು ನಿಲುವು ಕೊಟ್ಟಿದೆ: ಟ್ರ್ಯಾಕ್‌ನ ಹೆಸರನ್ನು ಸಂಗೀತಕ್ಕಿಂತ ಮೊದಲೇ ಬರೆದಿಟ್ಟುಕೊಳ್ಳಬೇಕು. ಮುಂದೆ ಬರುವ ಪ್ರತಿ ರೂಪಾಯಿಯೂ ಆ ಹೆಸರನ್ನು ಹಾದೇ ಬರಬೇಕು.

ಸಂಗೀತವನ್ನು ಕೊಳ್ಳುವವರು ಯಾರು, ಯಾವ ಸ್ಥಿತಿಯಲ್ಲಿ ಕೊಳ್ಳುತ್ತಾರೆ ಎಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಲೈಬ್ರರಿಯ ಹುಡುಕುಪಟ್ಟಿಯ ಮುಂದೆ ಕೂತಿರುವವರು ಹೆಚ್ಚಾಗಿ ವಿಡಿಯೋ ಎಡಿಟರ್‌ಗಳು. ಎಪಿಸೋಡ್ ನಾಳೆ ಪ್ರಸಾರವಾಗಬೇಕು, ಕೊಲೆ ನಡೆದ ಮನೆಯ ದೃಶ್ಯಕ್ಕೆ ಒಂದೂವರೆ ನಿಮಿಷದ ಸಂಗೀತ ಬೇಕು. ಅವರು ಸಂಯೋಜಕನ ಹೆಸರನ್ನು ಹುಡುಕುವುದಿಲ್ಲ. ‘ಟೆನ್ಷನ್’, ‘ಸ್ಲೋ ಬಿಲ್ಡ್’, ‘ಡ್ರೋನ್’ (ಎಳೆದು ಹಿಡಿದ ಒಂದೇ ಸ್ವರ) ಎಂದು ಟೈಪ್ ಮಾಡುತ್ತಾರೆ, ಬಂದ ಪಟ್ಟಿಯಲ್ಲಿ ಕಣ್ಣಾಡಿಸುತ್ತಾರೆ, ತಮ್ಮ ದೃಶ್ಯಕ್ಕೆ ಹತ್ತಿರ ಎನಿಸಿದ ಹೆಸರನ್ನು ಒತ್ತಿ ಮೊದಲ ಕೆಲವು ಸೆಕೆಂಡ್ ಕೇಳಿ ಮುಂದಕ್ಕೆ ಹೋಗುತ್ತಾರೆ. ‘ಡಾರ್ಕ್ ಆ್ಯಂಬಿಯನ್ಸ್ 3’ ಎಂಬ ಹೆಸರು ಅವರಿಗೆ ಏನನ್ನೂ ಹೇಳುವುದಿಲ್ಲ. ‘ಫುಟ್‌ಸ್ಟೆಪ್ಸ್ ಅಬವ್ ದಿ ಸೀಲಿಂಗ್’ ಎಂದರೆ ಮನೆಯೊಳಗಿನ ಭಯ, ನಿಧಾನಗತಿ, ಮೇಲಿನಿಂದ ಬರುವ ಸದ್ದು, ಇನ್ನೂ ಕಾಣದ ಶತ್ರು ಎಲ್ಲವೂ ನಾಲ್ಕು ಪದಗಳಲ್ಲಿ ಮುಟ್ಟುತ್ತವೆ. ವಾದ್ಯ, ವೇಗ, ಭಾವಗಳ ಪಟ್ಟಿಯನ್ನು ಕೀವರ್ಡ್ ಖಾನೆಗೆ ಬಿಟ್ಟುಬಿಡಬಹುದು. ಹೆಸರು ಮಾಡಬೇಕಾದ ಕೆಲಸವೆಂದರೆ ದೃಶ್ಯವನ್ನು ತೋರಿಸುವುದು.

ಹೆಸರು ಮೊದಲು ಬಂದರೆ ಸಂಗೀತಕ್ಕೂ ಲಾಭವಿದೆ. ಮೇಲಿನ ಹೆಸರನ್ನೇ ಇಟ್ಟುಕೊಂಡು ನೋಡೋಣ. ಕೆಳಸ್ಥಾಯಿಯಲ್ಲಿ ಷಡ್ಜವನ್ನು ತಂಬೂರಿಯಂತೆ ಹಿಡಿದಿಟ್ಟು, ಪಂಚಮ ಬರಬೇಕಾದ ಜಾಗದಲ್ಲಿ ಪ್ರತಿಮಧ್ಯಮವನ್ನು ಕೂರಿಸಿದರೆ ಸಾಕು, ಕಿವಿ ಆಸರೆ ಕಳೆದುಕೊಳ್ಳುತ್ತದೆ. ಪಾಶ್ಚಾತ್ಯರು ಟ್ರೈಟೋನ್ ಎನ್ನುವ ಅಂತರ ಅದೇ. ಮೇಲೆ ಪಿಟೀಲನ್ನು ಕುದುರೆಯ ಹತ್ತಿರ ಒತ್ತಿ ಉಜ್ಜಿದ ಕರ್ಕಶ ಸದ್ದು, ನಡುನಡುವೆ ಶುದ್ಧ ರಿಷಭದ ತಿಕ್ಕಾಟ. ರಿಚರ್ಡ್ ವಾಟರ್ಸ್ ರೂಪಿಸಿದ ವಾಟರ್‌ಫೋನ್ ಎಂಬ ವಾದ್ಯವಿದೆ: ಸ್ವಲ್ಪ ನೀರು ಹಾಕಿದ ಲೋಹದ ಬಟ್ಟಲಿನ ಅಂಚಿಗೆ ನೆಟ್ಟ ಕಂಬಿಗಳನ್ನು ಕಮಾನಿನಿಂದ ಉಜ್ಜುತ್ತಾರೆ, ನೀರು ಅಲುಗಾಡಿದಂತೆ ಸ್ವರ ಜಾರುತ್ತದೆ. ಹಾರರ್ ಸಿನಿಮಾಗಳಲ್ಲಿ ಬೆನ್ನು ನಡುಗಿಸುವ ಆ ಸದ್ದಿನ ಗುಟ್ಟು ಬಹಳ ಸಲ ಇದೇ. ಇದೆಲ್ಲ ಮಸಾಲೆ ಯಾರ ಕೈಗಾದರೂ ಸಿಗುವಂಥದ್ದು. ಆದರೆ ‘ಮೇಲಿನಿಂದ ಹೆಜ್ಜೆ’ ಎಂದು ಬರೆದಿಟ್ಟಿದ್ದರೆ ಹೆಜ್ಜೆ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ತಾನೇ ಏಳುತ್ತದೆ. ನಿಲ್ಲುವ ಆ ಜಾಗದಲ್ಲಿ ಒಂದು ಕ್ಷಣದ ಮೌನ ಬಿಟ್ಟರೆ ಅಲ್ಲಿ ಎಡಿಟರ್ ಕತ್ತರಿ ಹಾಕಬಹುದು, ಪಾತ್ರ ಒಂದು ಮಾತಾಡಬಹುದು. ಹೆಸರಿಲ್ಲದೆ ಶುರುವಾದ ಡ್ರೋನ್ ಎರಡೂವರೆ ನಿಮಿಷ ಹಾಗೇ ಹರಿದು ಎಲ್ಲಿಯೂ ಕತ್ತರಿಸಲಾಗದಂತೆ ಮುಗಿಯುತ್ತದೆ. ಕೇಳಲು ಚೆನ್ನಾಗಿದ್ದರೂ ಬಳಸಲು ಬರುವುದಿಲ್ಲ, ಬಳಸದ ಟ್ರ್ಯಾಕ್‌ಗೆ ಹಣವೂ ಬರುವುದಿಲ್ಲ. ಲೈಬ್ರರಿಗಳು ಪೂರ್ತಿ ಟ್ರ್ಯಾಕ್ ಜೊತೆಗೆ 60, 30, 15 ಸೆಕೆಂಡಿನ ರೂಪಗಳನ್ನೂ, ತಾಳವಾದ್ಯವಿಲ್ಲದ ಮಿಕ್ಸ್ ಅನ್ನೂ, ಕೊನೆಯ ಬಡಿತವನ್ನಷ್ಟೇ ಬಿಡಿಯಾಗಿ ಕೊಡುವ ‘ಸ್ಟಿಂಗರ್’ ಅನ್ನೂ ಕೇಳುತ್ತವೆ. ದೃಶ್ಯ ಮನಸ್ಸಿನಲ್ಲಿದ್ದರೆ ಇವೆಲ್ಲ ಒಮ್ಮೆ ಕೂತಾಗಲೇ ಹೊರಬರುತ್ತವೆ.

ಇನ್ನು ಹಣ. ಟ್ರ್ಯಾಕ್ ಬಳಸಲು ಕೊಡುವ ಲೈಸೆನ್ಸ್ ಶುಲ್ಕ ಒಂದು ಕಡೆ, ಅದು ಪ್ರಸಾರವಾದಾಗಲೆಲ್ಲ ಬರುವ ಪರ್ಫಾರ್ಮೆನ್ಸ್ ರಾಯಲ್ಟಿ ಇನ್ನೊಂದು ಕಡೆ. ಹಾರರ್ ಅಂದಕೂಡಲೇ ಸಿನಿಮಾ ಥಿಯೇಟರ್ ನೆನಪಾಗುತ್ತದೆ, ಆದರೆ ಅಮೆರಿಕದಲ್ಲಿ 1948ರ ಕೋರ್ಟ್ ತೀರ್ಪೊಂದರ ನಂತರ ಥಿಯೇಟರ್‌ಗಳಿಂದ ಸಂಗೀತಕ್ಕೆ ಈ ರಾಯಲ್ಟಿ ಬರುವುದಿಲ್ಲ. ನಮ್ಮಲ್ಲೂ 2012ರ ಕಾಪಿರೈಟ್ ತಿದ್ದುಪಡಿ ಸಂಯೋಜಕರಿಗೆ ರಾಯಲ್ಟಿಯಲ್ಲಿ ಸಮಪಾಲು ಖಾತ್ರಿ ಮಾಡಿದಾಗ ಥಿಯೇಟರ್ ಪ್ರದರ್ಶನವನ್ನು ಹೊರಗಿಟ್ಟಿತು. ಹಾಗಾಗಿ ಭರವಸೆಯ ಆದಾಯ ಇರುವುದು ಟಿವಿಯಲ್ಲಿ, ಮರುಪ್ರಸಾರದಲ್ಲಿ. ಅಲ್ಲಿ ಹಣ ಹಂಚಿಕೆಯಾಗುವುದು ‘ಕ್ಯೂ ಶೀಟ್’ ಎಂಬ ಪಟ್ಟಿಯ ಆಧಾರದ ಮೇಲೆ. ಯಾವ ಟ್ರ್ಯಾಕ್, ಎಷ್ಟು ಸೆಕೆಂಡ್, ಸಂಯೋಜಕ ಯಾರು, ಪಬ್ಲಿಷರ್ ಯಾರು ಎಂದು ನಿರ್ಮಾಣ ಸಂಸ್ಥೆ ಬರೆದುಕೊಡುತ್ತದೆ. ಆ ಪಟ್ಟಿ ಅಮೆರಿಕದ ಆ್ಯಸ್ಕ್ಯಾಪ್, ಬಿಎಂಐ, ಬ್ರಿಟನ್ನಿನ ಪಿಆರ್‌ಎಸ್‌ನಂಥ ರಾಯಲ್ಟಿ ಸಂಸ್ಥೆಗಳನ್ನು ತಲುಪುತ್ತದೆ, ಅಲ್ಲಿಂದ ಹಣ ಪರಸ್ಪರ ಒಪ್ಪಂದದ ಮೂಲಕ ನಮ್ಮ ಐಪಿಆರ್‌ಎಸ್‌ಗೆ ಬಂದು ಸದಸ್ಯರ ಖಾತೆ ಸೇರುತ್ತದೆ. ಈ ದಾರಿ ಕ್ರಮಿಸಲು ವರ್ಷ ಕಳೆದರೂ ಅಚ್ಚರಿಯಿಲ್ಲ. ಇಡೀ ದಾರಿಯಲ್ಲಿ ಟ್ರ್ಯಾಕ್‌ನ ಗುರುತಾಗಿ ಎಲ್ಲರ ಕಣ್ಣಿಗೆ ಬೀಳುವುದು ಅದರ ಹೆಸರು. ಜಮೀನಿಗೆ ಸರ್ವೆ ನಂಬರ್ ಹೇಗೋ ಹಾಗೆ: ಅಕ್ಷರ ತಪ್ಪಿದರೆ ಫಸಲು ಬೇರೆಯವರ ಖಾತೆಗೆ ಹೋಗಬಹುದು, ಅಥವಾ ಯಾರದೆಂದು ತಿಳಿಯದ ಬಾಕಿಯ ರಾಶಿಯಲ್ಲಿ ಬಿದ್ದಿರಬಹುದು. ಕೃತಿಗೆ ಐಎಸ್‌ಡಬ್ಲ್ಯೂಸಿ, ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಎಂಬ ಸಂಖ್ಯೆಗಳು ಇವೆ ನಿಜ. ಆದರೆ ಆತುರದಲ್ಲಿ ಕ್ಯೂ ಶೀಟ್ ತುಂಬುವವರು ಮೊದಲು ಬರೆಯುವುದು ಹೆಸರನ್ನೇ.

ಹೀಗಾಗಿ ‘ಹಾಂಟೆಡ್’, ‘ನೈಟ್‌ಮೇರ್’, ‘ದಿ ಶ್ಯಾಡೋ’ ಎಂಬಂಥ ಒಂಟಿಪದದ ಹೆಸರುಗಳಿಂದ ದೂರವಿರುವುದು ಮೇಲು. ರಾಯಲ್ಟಿ ಸಂಸ್ಥೆಗಳ ದಾಖಲೆಯಲ್ಲಿ ಇಂಥ ಹೆಸರಿನ ಕೃತಿಗಳು ರಾಶಿರಾಶಿ ಇವೆ. ಒಂದು ಹೆಸರು ಚೆನ್ನಾಗಿದೆ ಎಂದು ಅದನ್ನು ಕಾಪಿರೈಟ್ ಮಾಡಿಸಿ ಕಾದಿರಿಸಿಕೊಳ್ಳಲೂ ಬರುವುದಿಲ್ಲ. ‘ದೇಸಿ ಬಾಯ್ಸ್’ ಸಿನಿಮಾದ ಪ್ರಕರಣದಲ್ಲಿ ಬರೀ ಶೀರ್ಷಿಕೆಗೆ ಕಾಪಿರೈಟ್ ಇಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಕಾನೂನು ಕಾಯದ ಕಡೆ ಬೇರೆಯವರದರ ಜೊತೆ ಬೆರೆಯದ ಹೆಸರನ್ನು ಆರಿಸುವ ಎಚ್ಚರವೇ ಕಾಯಬೇಕು. ಎಕ್ಸ್‌ಕ್ಲೂಸಿವ್ ಅಲ್ಲದ, ಅಂದರೆ ಟ್ರ್ಯಾಕ್ ಬೇರೆಡೆಯೂ ಇರಲು ಬಿಡುವ ಕೆಲವು ಲೈಬ್ರರಿಗಳು ಇದರ ತದ್ವಿರುದ್ಧ ಪದ್ಧತಿಯನ್ನು ಬೆಳೆಸಿದವು. ಒಂದೇ ಟ್ರ್ಯಾಕ್‌ಗೆ ತಮ್ಮದೇ ಹೊಸ ಹೆಸರಿಟ್ಟು ನೋಂದಾಯಿಸಿ, ಆ ಹೆಸರಿನಲ್ಲಿ ಆದ ಪ್ರಸಾರಕ್ಕೆ ಪಬ್ಲಿಷರ್ ಪಾಲು ಪಡೆಯುವುದು. ನಾಲ್ಕು ಅಂಗಡಿಯಲ್ಲಿ ಸರಕಿದ್ದರೆ ನಾಲ್ಕು ಪಟ್ಟು ವ್ಯಾಪಾರ ಎಂದು ಸಂಯೋಜಕರಿಗೆ ಅನಿಸುವುದು ಸಹಜ. ಆದರೆ ಈಗ ಸದ್ದನ್ನೇ ಕೇಳಿ ಟ್ರ್ಯಾಕ್ ಗುರುತಿಸುವ ತಂತ್ರಜ್ಞಾನ ಬಂದಿದೆ. ಯೂಟ್ಯೂಬಿನ ಕಂಟೆಂಟ್ ಐಡಿ ಅದರ ಪರಿಚಿತ ಉದಾಹರಣೆ. ಯಂತ್ರಕ್ಕೆ ಒಂದು ಸದ್ದು, ದಾಖಲೆಯಲ್ಲಿ ನಾಲ್ಕು ಹೆಸರು, ನಾಲ್ವರು ಪಬ್ಲಿಷರ್‌ಗಳು ಎಂದಾದರೆ ತಗಾದೆ ಎದ್ದು ಹಣ ಅಲ್ಲಿಯೇ ನಿಲ್ಲುತ್ತದೆ. ಹಾರರ್‌ನಲ್ಲಿ ಈ ಅಪಾಯ ಹೆಚ್ಚು. ಮಾರುಕಟ್ಟೆಯಲ್ಲಿ ಸಿಗುವ ಸ್ಯಾಂಪಲ್ ಪ್ಯಾಕ್‌ನ ಒಂದು ಡ್ರೋನ್ ಅನ್ನು ಬದಲಿಸದೆ ಹಾಗೇ ಹಾಕಿದ್ದರೆ, ಅದೇ ಪ್ಯಾಕ್ ಕೊಂಡ ಅಪರಿಚಿತರ ಟ್ರ್ಯಾಕ್ ಜೊತೆಗೂ ಘರ್ಷಣೆ ಆಗುತ್ತದೆ. ಒಂದು ಕೃತಿಗೆ ಒಂದೇ ಹೆಸರು, ಒಂದೇ ಪಬ್ಲಿಷರ್ ಎಂಬ ಕಟ್ಟುನಿಟ್ಟು ಆರಂಭದಲ್ಲಿ ವ್ಯಾಪಾರವನ್ನು ಕಡಿಮೆ ಮಾಡಿದರೂ ನಾನು ಅದನ್ನೇ ಒಪ್ಪುತ್ತೇನೆ.

ಹೀಗೆ ಗಿರಾಕಿಯ ಹುಡುಕಾಟಕ್ಕೆ ತಕ್ಕಂತೆ ಹೆಸರಿಟ್ಟು ಸಂಗೀತ ಕಟ್ಟಿದರೆ ಕಲೆ ಕೈಬಿಟ್ಟುಹೋಗುವುದಿಲ್ಲವೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೀವರ್ಡ್‌ಗಳನ್ನೇ ಸಾಲಾಗಿ ಪೋಣಿಸಿದ ಹೆಸರುಗಳು ನಿಜಕ್ಕೂ ಸತ್ತ ಹೆಸರುಗಳು, ಅಂಥ ಹೆಸರಿನ ಸಂಗೀತವೂ ಬಹಳ ಸಲ ಸತ್ತೇ ಇರುತ್ತದೆ. ಆದರೆ ನಿರ್ದೇಶಕ ಕುಬ್ರಿಕ್ 1980ರ ‘ದಿ ಶೈನಿಂಗ್’ಗೆ ಪೆಂಡೆರೆಟ್ಸ್ಕಿ, ಲಿಗೆಟಿ, ಬಾರ್ಟೋಕ್ ಅವರ ಕೃತಿಗಳನ್ನು ಆರಿಸಿದ್ದನ್ನು ನೆನೆಯಿರಿ. ಅವು ಭೂತದ ಸಿನಿಮಾಕ್ಕೆಂದು ಬರೆದವಲ್ಲ. ಒಳ್ಳೆಯ ಸಂಗೀತ ಭಯದ ದೃಶ್ಯಕ್ಕೆ ಒದಗಿಬಂತು, ಆದರೆ ಅದನ್ನು ಗುರುತಿಸಲು ಕುಬ್ರಿಕ್‌ನಷ್ಟು ಕೇಳ್ಮೆ ಇದ್ದವರು ಬೇಕಾಯಿತು. ನಮ್ಮ ಟ್ರ್ಯಾಕ್ ಕೇಳುವವರಿಗೆ ಆ ಪುರುಸೊತ್ತು ಇಲ್ಲ, ಹೆಸರು ಆ ಕೊರತೆಯನ್ನು ತುಂಬುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಹೆಸರು ದೃಶ್ಯವನ್ನು ಹಿಡಿದಿಟ್ಟಷ್ಟೂ ಮಾರುಕಟ್ಟೆ ಕಿರಿದಾಗುತ್ತದೆ. ಹಾರರ್ ಶೈಲಿಯ ಸಂಗೀತಕ್ಕೆ ಕೆಲಸ ಕೊಡುವವರು ಹಾರರ್ ಸಿನಿಮಾದವರಷ್ಟೇ ಅಲ್ಲ. ಅಪರಾಧ ಕಾರ್ಯಕ್ರಮ, ಸಾಕ್ಷ್ಯಚಿತ್ರ, ಗೇಮ್, ರಿಯಾಲಿಟಿ ಶೋದಲ್ಲಿ ಯಾರು ಹೊರಹೋಗುತ್ತಾರೆ ಎಂದು ಹೇಳುವ ಮುಂಚಿನ ಎಳೆದ ಮೌನ, ಎಲ್ಲಕ್ಕೂ ಇದೇ ಡ್ರೋನ್, ಇದೇ ಸ್ಟಿಂಗರ್ ಬೇಕು. ಹೆಸರಿನಲ್ಲಿ ದೆವ್ವ, ಸಮಾಧಿ, ಪಿಶಾಚಿ ಬಂದರೆ ಇವರೆಲ್ಲ ತಲೆಯೆತ್ತಿಯೂ ನೋಡುವುದಿಲ್ಲ. ಆದ್ದರಿಂದ ನಾನು ಹೆಸರಿನಲ್ಲಿ ಜಾಗವನ್ನೋ ಕ್ರಿಯೆಯನ್ನೋ ಇಡುತ್ತೇನೆ, ದೆವ್ವ-ಪಿಶಾಚಿಯನ್ನು ಇಡುವುದಿಲ್ಲ. ಬಾಗಿಲು, ಹೆಜ್ಜೆ, ಆರುವ ದೀಪ ಇವು ಕೊಲೆಗಾರನಿಗೂ ಹೊಂದುತ್ತವೆ, ಭೂತಕ್ಕೂ ಹೊಂದುತ್ತವೆ. ಅಕ್ಟೋಬರ್‌ನ ಹ್ಯಾಲೋವೀನ್‌ಗೆಂದೇ ಲೈಬ್ರರಿ ಆಲ್ಬಂ ಕೇಳಿದಾಗ ಮಾತ್ರ ಪಿಶಾಚಿಗೆ ಜಾಗ, ಮತ್ತು ಅಂಥ ಆಲ್ಬಂ ಹಬ್ಬಕ್ಕೆ ತಿಂಗಳುಗಳ ಮೊದಲೇ ಲೈಬ್ರರಿಯ ಕೈ ಸೇರಿರಬೇಕು.

ಇಷ್ಟೆಲ್ಲ ಕಾಯುವ ಬದಲು ಇಡಿಗಂಟು ತೆಗೆದುಕೊಂಡು ಹಕ್ಕು ಬಿಟ್ಟುಕೊಟ್ಟರೆ ಏನು ತಪ್ಪು ಎಂದು ಕೇಳುವವರೂ ಇದ್ದಾರೆ. ಮನೆಬಾಡಿಗೆ, ಸಾಫ್ಟ್‌ವೇರ್ ಕಂತು ಎದುರಿಗಿರುವಾಗ ಅದು ನ್ಯಾಯವಾದ ಪ್ರಶ್ನೆ. ಲೆಕ್ಕಕ್ಕೆ ಒಂದು ಟ್ರ್ಯಾಕ್‌ಗೆ 10,000 ರೂಪಾಯಿ ಇಡಿಗಂಟು ಬರುತ್ತದೆ ಎಂದಿಟ್ಟುಕೊಳ್ಳಿ. ಹಕ್ಕು ಉಳಿಸಿಕೊಂಡರೆ ಮೊದಲ ಎರಡು ವರ್ಷ ಏನೂ ಬರದೆ, ಆಮೇಲೆ ವರ್ಷಕ್ಕೆ 1,500 ಬಂದರೆ ಒಂಬತ್ತನೆಯ ವರ್ಷದಲ್ಲಿ ಅದು ಇಡಿಗಂಟನ್ನು ದಾಟುತ್ತದೆ. ಬ್ಯಾಂಕ್ ಬಡ್ಡಿ ಸೇರಿಸಿದರೆ ಇನ್ನೂ ತಡ. ವರ್ಷಕ್ಕೆ 300 ಬಂದರೆ ದಾಟಲು ಮೂವತ್ತಾರನೆಯ ವರ್ಷದವರೆಗೆ ಕಾಯಬೇಕು. ಹಾಗಾಗಿ ಎಲ್ಲ ಟ್ರ್ಯಾಕ್‌ಗಳನ್ನೂ ಕಾಪಾಡಿಕೊಳ್ಳಿ ಎಂದು ನಾನು ಹೇಳಲಾರೆ. ಯಾವ ದೃಶ್ಯಕ್ಕೂ ಖಚಿತವಾಗಿ ಹೊಂದದ, ಹೆಸರಿಡಲು ಒದ್ದಾಡಿದ ಹಿನ್ನೆಲೆ ಡ್ರೋನ್‌ಗಳನ್ನು ಇಡಿಗಂಟಿಗೆ ಕೊಡಬಹುದು. ಹೆಸರು ಹೇಳಿದಾಕ್ಷಣ ದೃಶ್ಯ ಎದ್ದುಬರುವ ಟ್ರ್ಯಾಕ್‌ಗಳನ್ನು ಇಟ್ಟುಕೊಳ್ಳಬೇಕು. ಭಯ ಹುಟ್ಟಿಸುವ ಸದ್ದು ಬೇಗ ಹಳತಾಗುವುದಿಲ್ಲ. ಸಂಯೋಜಕ ಹರ್ಮನ್ 1960ರ ‘ಸೈಕೋ’ಗೆ ಬರೀ ತಂತಿವಾದ್ಯಗಳಿಂದ ತೆಗೆದ ಚೀತ್ಕಾರ ಇಂದಿಗೂ ಹೆದರಿಸುತ್ತದೆ, ಆ ಕಾಲದ ಜಾಹೀರಾತು ಸಂಗೀತ ಮಾತ್ರ ಹಳೆಯದೆಂದು ಕೂಡಲೇ ಗೊತ್ತಾಗುತ್ತದೆ. ಕರಾರು ಓದುವಾಗ ನೆನಪಿಡಬೇಕಾದ್ದು ಇನ್ನೊಂದಿದೆ: ನಮ್ಮ ಕಾನೂನಿನ ಪ್ರಕಾರ ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಸೀಮಿತ. ವಿದೇಶಿ ಲೈಬ್ರರಿಗಳ ಕರಾರಿನಲ್ಲಿ ಬೇರೆ ದೇಶದ ಕಾನೂನು ಅನ್ವಯ ಎಂದು ಬರೆದಿರುತ್ತಾರೆ, ಆ ಸಾಲನ್ನು ಹುಡುಕಿ ಓದಿ.

ಕೃತಕ ಬುದ್ಧಿಮತ್ತೆ ಒಂದು ನಿಮಿಷದಲ್ಲಿ ಹಾರರ್ ಡ್ರೋನ್ ತಯಾರಿಸುವಾಗ ಇದೆಲ್ಲ ಯಾಕೆ ಎಂಬುದು ಈಚಿನ ಪ್ರಶ್ನೆ. ಅಗ್ಗದ ಡ್ರೋನ್‌ನ ಬೆಲೆ ಇನ್ನೂ ಇಳಿಯುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಲೈಬ್ರರಿ ಮಾರುವುದು ಹಕ್ಕಿನ ಖಾತರಿಯನ್ನು. ಈ ಸಂಗೀತ ನನ್ನದೇ, ಬೇರೆಯವರು ಕೇಸು ಹಾಕಿದರೆ ಹೊಣೆ ನನ್ನದು ಎಂದು ಸಂಯೋಜಕ ಸಹಿ ಮಾಡಿಕೊಡಬೇಕು. ಪೂರ್ತಿ ಯಂತ್ರವೇ ಮಾಡಿದ ಕೃತಿಗೆ ಅಮೆರಿಕದಲ್ಲಿ ಕಾಪಿರೈಟ್ ಇಲ್ಲ. ಕೃತಕ ಬುದ್ಧಿಮತ್ತೆಯಿಂದ ಸಂಗೀತ ತಯಾರಿಸುವ ಸುನೋ, ಉಡಿಯೋ ಕಂಪನಿಗಳ ಮೇಲೆ 2024ರಲ್ಲಿ ದೊಡ್ಡ ರೆಕಾರ್ಡ್ ಲೇಬಲ್‌ಗಳು ದಾವೆ ಹೂಡಿದವು. ಮನುಷ್ಯ ಮಾಡಿದ್ದಕ್ಕೆ ಪುರಾವೆಯಾಗಿ ಪ್ರಾಜೆಕ್ಟ್ ಫೈಲ್, ಒಂದೊಂದು ವಾದ್ಯವನ್ನು ಬೇರೆಯಾಗಿಟ್ಟ ಸ್ಟೆಮ್‌ಗಳು, ತಾರೀಖು ಹಾಕಿದ ಕರಡುಗಳನ್ನು ಟ್ರ್ಯಾಕ್‌ನ ಹೆಸರಿನ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುವುದು ಈಗ ಮೊದಲಿಗಿಂತ ಬೆಲೆಯುಳ್ಳ ಅಭ್ಯಾಸ.

ತೆರಿಗೆಯ ಮಾತು ಚಿಕ್ಕದು. ಅಮೆರಿಕದಿಂದ ಬರುವ ರಾಯಲ್ಟಿಗೆ ಅಲ್ಲಿ ಮೂಲದಲ್ಲೇ 30% ಕಡಿತವಿದೆ. ಡಬ್ಲ್ಯೂ-8 ಬಿಇಎನ್ ಫಾರ್ಮ್ ಕೊಟ್ಟು ಎರಡು ದೇಶಗಳ ಒಪ್ಪಂದದ ಲಾಭ ಕೇಳಿದರೆ ಅದು 15% ಆಗುತ್ತದೆ, ಕಡಿತವಾದದ್ದನ್ನು ಇಲ್ಲಿನ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಹಿಡಿಸಬಹುದು. ಫಾರ್ಮ್ ತುಂಬದೆ ಎರಡರಷ್ಟು ತೆರಿಗೆ ತೆರುವುದಕ್ಕೆ ಕಾರಣವೇ ಇಲ್ಲ. ಇನ್ನೊಂದು ಕೆಲಸವನ್ನು ಬಹುಪಾಲು ಸಂಯೋಜಕರು ಮುಂದೂಡುತ್ತಾರೆ. ಭಾರತದಲ್ಲಿ ಸಂಗೀತ ಕೃತಿಯ ಕಾಪಿರೈಟ್ ಸಂಯೋಜಕ ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಅಂದರೆ ಈ ಟ್ರ್ಯಾಕ್‌ಗಳ ಹಣ ನೋಡಿಕೊಳ್ಳಬೇಕಾದವರು ಒಂದು ದಿನ ಮನೆಯವರೇ, ಅವರಿಗೆ ಸಂಗೀತದ ಫೈಲ್ ತೆರೆಯಲೂ ಬಾರದಿರಬಹುದು. ಒಂದು ಸ್ಪ್ರೆಡ್‌ಶೀಟ್ ಸಾಕು: ಪ್ರತಿ ಟ್ರ್ಯಾಕ್‌ನ ನೋಂದಾಯಿತ ಹೆಸರು ಅಕ್ಷರ ತಪ್ಪದೆ, 30 ಸೆಕೆಂಡಿನ ರೂಪ, ಸ್ಟಿಂಗರ್‌ಗಳ ಹೆಸರು, ಐಎಸ್‌ಡಬ್ಲ್ಯೂಸಿ ಮತ್ತು ಐಎಸ್‌ಆರ್‌ಸಿ, ಯಾವ ಲೈಬ್ರರಿ, ಕರಾರು ಮುಗಿಯುವ ತಾರೀಖು, ಪಾಲು ಎಷ್ಟು. ಅದರ ಪ್ರಿಂಟ್ ಒಂದನ್ನು ಎಲ್‌ಐಸಿ ಪಾಲಿಸಿ, ಮನೆಪತ್ರದ ಜೊತೆಗಿಟ್ಟು, ಐಪಿಆರ್‌ಎಸ್ ಸದಸ್ಯತ್ವದಲ್ಲಿ ನಾಮಿನಿ ಯಾರೆಂದು ಮನೆಯಲ್ಲಿ ಹೇಳಿ.