ಹಾಡು ಕೇಳುತ್ತಾ ನಡೆಯಿರಿ, ಎಚ್ಚರವೂ ಇರಲಿ

ಬೆಳಗಿನ ನಡಿಗೆ ಬೇಸರವೆಂದು ಅರ್ಧಕ್ಕೇ ಬಿಡುವವರು ನೀವಾದರೆ, ಜೊತೆಗೆ ಹಾಡು ಹಾಕಿಕೊಂಡು ನೋಡಿ. ಅದರಿಂದ ಹೊತ್ತು ಹೋಗುವುದಷ್ಟೇ ಅಲ್ಲ, ತಲೆಯೂ ಚುರುಕಾದೀತು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 33 ಹೃದ್ರೋಗಿಗಳು ಟ್ರೆಡ್‌ಮಿಲ್ ಮೇಲೆ ಒಮ್ಮೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಚನೆಕಾರ ವಿವಾಲ್ಡಿಯ ‘ಫೋರ್ ಸೀಸನ್ಸ್’ ಕೇಳುತ್ತಾ, ಇನ್ನೊಮ್ಮೆ ಸಂಗೀತವಿಲ್ಲದೆ ವ್ಯಾಯಾಮ ಮಾಡಿದರು. ಎರಡೂ ಸಲ ಮನಸ್ಸು ಹಗುರಾಯಿತು. ಆದರೆ ಪದಗಳನ್ನು ಥಟ್ಟನೆ ನೆನೆದು ಹೇಳುವ ಪರೀಕ್ಷೆಯಲ್ಲಿ, ಸಂಗೀತ ಕೇಳಿದಾಗ ಕಂಡ ಸುಧಾರಣೆ ಕೇಳದಿದ್ದಾಗಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಇದು ಚಿಕ್ಕ ಅಧ್ಯಯನ. ಹಾಡು ಕೇಳಿದರೆ ಬುದ್ಧಿ ಬೆಳೆದೇಬಿಡುತ್ತದೆ ಎಂದುಕೊಳ್ಳಬೇಡಿ.

ಬಿರುಸು ನಡಿಗೆಗೆ ನಿಮಿಷಕ್ಕೆ 120ರ ಆಸುಪಾಸು ತಾಳ ಬೀಳುವ ಹಾಡು ಚೆನ್ನ. ಹೆಜ್ಜೆ ತಾನಾಗಿ ಹೊಂದಿಕೊಳ್ಳುತ್ತದೆ. ಹಳೆಯ ಸಿನಿಮಾ ಹಾಡೋ ಜನಪದವೋ, ನಿಮಗೆ ಇಷ್ಟವಾದದ್ದೇ ಇರಲಿ. ಮುಗಿಸುವ ಹೊತ್ತಿಗೆ ನಿಧಾನಗತಿಯದು ಬರಲಿ.

ಹಾಡು ದಣಿವನ್ನು ಮರೆಸುತ್ತದೆ, ಇಲ್ಲವಾಗಿಸುವುದಿಲ್ಲ. ಏದುಸಿರು ಬರುವಷ್ಟು ಜೋರಾಗಿ ಓಡುವಾಗ ಮರೆಸುವ ಶಕ್ತಿಯೂ ಕುಗ್ಗುತ್ತದೆ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ. ಪಲ್ಲವಿ ಮುಗಿಯಲೆಂದು ಕಾಯಬೇಡಿ. ಹೊಸ ಆಸನ ಕಲಿಯುವಾಗ, ಭಾರ ಎತ್ತುವುದನ್ನು ಅಭ್ಯಾಸ ಮಾಡುವಾಗ ಹಾಡು ಬೇಡ, ಗಮನವೆಲ್ಲ ಮೈಮೇಲಿರಲಿ.

ಇನ್ನು, ಇಯರ್‌ಫೋನ್ ದನಿಯನ್ನು ಅರ್ಧದ ಆಸುಪಾಸಿನಲ್ಲೇ ಇಡಿ. ರಸ್ತೆಬದಿ ನಡೆಯುವವರು ಒಂದು ಕಿವಿ ಖಾಲಿ ಬಿಡಿ; ಹಿಂದಿನಿಂದ ಬರುವ ಬೈಕಿನ ಹಾರ್ನ್ ನಿಮಗೆ ಕೇಳಲೇಬೇಕು.